ಕೋಂಕ್‌ನಲ್ಲಿ ಮೂರು ದಿನ: ಬೇಡಿಗಳ ಜಾಲರಿ, ಬಣ್ಣವಿಲ್ಲದ ಗಾಜು

ಶುಕ್ರವಾರ

ಸೆಪ್ಟೆಂಬರ್ ಮೊದಲ ವಾರ. ಟುಲೂಸ್‌ನಲ್ಲಿರುವ ಅಕ್ಕನ ಮನೆಗೆ ಬಂದು ಹತ್ತು ದಿನ ಆಗಿತ್ತು. "ದೊಡ್ಡ ಊರೆಲ್ಲಾ ಆಯ್ತಲ್ಲ, ಈಗ ಒಂದು ಹಳ್ಳಿಗೆ ಹೋಗೋಣ ಬಾ, ಅಲ್ಲೊಂದು ಚರ್ಚ್ ಇದೆ" ಅಂದಳು. ಎಷ್ಟು ದಿನ ಅಂದರೆ ಮೂರು ದಿನ ಅಂತೆ. ಒಂದು ಚರ್ಚ್ ನೋಡೋದಕ್ಕೆ ಮೂರು ದಿನ ಯಾಕಕ್ಕ? "ಬೆಳಿಗ್ಗೆ ಒಂದು ಥರ ಇರುತ್ತೆ, ಸಂಜೆ ಒಂದು ಥರ ಇರುತ್ತೆ ಕಣೇ. ಸುಮ್ನೆ ಬಾ."

ಊರಿನ ಹೆಸರು ಕೋಂಕ್. ಫ್ರಾನ್ಸಿನ ದಕ್ಷಿಣದಲ್ಲಿ, ಅವೇರೋನ್ ಜಿಲ್ಲೆಯ ಗುಡ್ಡಗಳ ನಡುವೆ ಇದೆ. ಆಲ್ಬಿ, ರೊಡೆಜ್ ದಾಟಿದ ಮೇಲೆ ಮಾರ್ಸಿಯಾಕ್ ಅನ್ನುವ ಕಡೆ ಇದ್ದಕ್ಕಿದ್ದಂತೆ ಮಣ್ಣು ಕೆಂಪಾಗುತ್ತದೆ. ರಸ್ತೆ ಬದಿಯ ಗೋಡೆ, ಮನೆ, ದ್ರಾಕ್ಷಿ ತೋಟದ ಬದು, ಎಲ್ಲಾ ಕೆಂಪು. "ಈ ಕೆಂಪು ಕಲ್ಲನ್ನ ನೆನಪಿಟ್ಕೋ, ಚರ್ಚ್ ಗೋಡೆಯಲ್ಲೂ ಸಿಗುತ್ತೆ" ಅಂದಳು ಅಕ್ಕ. ಅಲ್ಲಿಂದ ಮುಂದೆ ದೂರ್ದೂ ಅನ್ನುವ ಸಣ್ಣ ನದಿಯ ಪಕ್ಕದಲ್ಲೇ ದಾರಿ. ಕೊನೆಗೆ ಒಂದು ತಿರುವಿನಲ್ಲಿ ಗುಡ್ಡದ ಇಳಿಜಾರಿಗೆ ಅಂಟಿಕೊಂಡ ಹಳ್ಳಿ ಕಾಣಿಸಿತು. ಕೋಂಕ್ ಅನ್ನುವ ಹೆಸರು ಬಂದಿದ್ದು ಕಪ್ಪೆಚಿಪ್ಪು ಅನ್ನುವ ಅರ್ಥದ ಲ್ಯಾಟಿನ್ ಪದದಿಂದ. ಕಣಿವೆಯ ಆಕಾರವೇ ಹಾಗಿದೆ, ಚಿಪ್ಪಿನ ಒಳಮೈಯಲ್ಲಿ ಊರು ಕೂತ ಹಾಗೆ.

ಕಾರನ್ನು ಊರ ಹೊರಗೇ ನಿಲ್ಲಿಸಿ ನಡೆಯಬೇಕು. ಓಣಿಗಳಿಗೆ ಕಲ್ಲು ಹಾಸಿದ್ದಾರೆ, ಮನೆಗಳ ಮೇಲೆ ಹೆಂಚಿನ ಬದಲು ಬೂದು ಬಣ್ಣದ ತೆಳು ಕಲ್ಲುಚಪ್ಪಡಿ. ನೂರಾರು ಮನೆ ಇರುವ ಊರೇನಲ್ಲ. ಆದರೆ ಒಂದು ಮೂಲೆ ತಿರುಗಿದರೆ ಎದುರಿಗೆ ಆ ಚರ್ಚ್ ನಿಂತಿರುತ್ತದೆ ನೋಡಿ, ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡದಾ ಅನಿಸಿಬಿಡುತ್ತದೆ. ಇದು ಸೇಂಟ್ ಫ್ವಾ ಚರ್ಚ್. ಹಳೆಯ ಮಠದ ಚರ್ಚ್ ಇದು. 11ನೇ ಶತಮಾನದ ನಡುವಿನಲ್ಲಿ ಓಡೋಲ್ರಿಕ್ ಅನ್ನುವ ಮಠಾಧಿಪತಿ ಕಟ್ಟಡದ ಕೆಲಸ ಶುರು ಮಾಡಿದ, ಮುಗಿಯುವಾಗ 12ನೇ ಶತಮಾನ ಬಂದಿತ್ತು.

ಫ್ವಾ ಅಂದರೆ ನಂಬಿಕೆ. ಅದು ಒಬ್ಬ ಹುಡುಗಿಯ ಹೆಸರು. ಆಜಾನ್ ಅನ್ನುವ ಊರಿನಲ್ಲಿ, 303ರ ಸುಮಾರಿಗೆ, ರೋಮನ್ ದೇವತೆಗಳಿಗೆ ಬಲಿ ಕೊಡಲು ಒಪ್ಪಲಿಲ್ಲ ಅಂತ ಹನ್ನೆರಡು ವರ್ಷದ ಆ ಮಗುವನ್ನು ಕೊಂದರು ಅಂತ ಕಥೆ. ಅವಳ ಅಸ್ಥಿ ಆಜಾನ್‌ನಲ್ಲೇ ಇತ್ತು. ಕೋಂಕ್ ಮಠದ ಒಬ್ಬ ಸನ್ಯಾಸಿ ಅಲ್ಲಿಗೆ ಹೋಗಿ, ವರ್ಷಗಟ್ಟಲೆ ಇದ್ದು, ಎಲ್ಲರ ವಿಶ್ವಾಸ ಗಳಿಸಿ, ಸಮಾಧಿ ಕಾಯುವ ಕೆಲಸ ಹಿಡಿದು, 866ರಲ್ಲಿ ಅಸ್ಥಿಯನ್ನು ಕದ್ದು ಇಲ್ಲಿಗೆ ತಂದ. ಮಠದವರು ಇದನ್ನು ಮುಚ್ಚಿಡಲಿಲ್ಲ. ಹುಡುಗಿಗೇ ಇಲ್ಲಿಗೆ ಬರುವ ಮನಸ್ಸಿತ್ತು, ಅದಕ್ಕೇ ಬಂದಳು ಅನ್ನುತ್ತಿದ್ದರು. ಅವಳು ಬಂದ ಮೇಲೇ ಊರಿಗೆ ಜನ ಬರಲು ಶುರುವಾಗಿದ್ದು. ಸ್ಪೇನಿನ ಸ್ಯಾಂಟಿಯಾಗೋಗೆ ನಡೆದುಕೊಂಡು ಹೋಗುವ ಯಾತ್ರಿಕರಿಗೆ ಇದು ದೊಡ್ಡ ತಂಗುದಾಣವಾಯಿತು.

ಸಂಜೆ ಆರಕ್ಕೆ ಅಕ್ಕ ನನ್ನನ್ನು ಮುಖ್ಯ ಬಾಗಿಲ ಎದುರು ಕೂರಿಸಿದಳು. ಬಾಗಿಲು ಪಶ್ಚಿಮಕ್ಕಿದೆ, ಇಳಿಬಿಸಿಲು ನೇರ ಮೇಲೆ ಬೀಳುತ್ತದೆ. ಬಾಗಿಲ ಮೇಲೆ ಅರ್ಧಚಂದ್ರದ ಆಕಾರದಲ್ಲಿ ಒಂದು ದೊಡ್ಡ ಕೆತ್ತನೆ ಇದೆ. ಟಿಂಪನಮ್ ಅನ್ನುತ್ತಾರೆ. ಅಗಲ ಆರೂವರೆ ಮೀಟರಿಗಿಂತ ಜಾಸ್ತಿ, ಅದರಲ್ಲಿ 124 ಆಕೃತಿಗಳು. 12ನೇ ಶತಮಾನದ ಶುರುವಿನ ಕೆಲಸ. ವಿಷಯ ಕೊನೆಯ ತೀರ್ಪಿನ ದಿನ. ನಡುವೆ ಕ್ರಿಸ್ತ ಕೂತಿದ್ದಾನೆ, ಬಲಗೈ ಮೇಲಕ್ಕೆ, ಎಡಗೈ ಕೆಳಕ್ಕೆ. ಬಲಗೈ ಕಡೆ ಸ್ವರ್ಗ, ಎಡಗೈ ಕಡೆ ನರಕ.

ಸ್ವರ್ಗದ ಕಡೆ ಎಲ್ಲರೂ ಸಾಲಾಗಿ, ನೆಟ್ಟಗೆ, ಶಾಂತವಾಗಿ ನಿಂತಿದ್ದಾರೆ. ನರಕದ ಕಡೆ ನೂಕುನುಗ್ಗಲು. ಅಹಂಕಾರಿ ಸೈನಿಕ ಕುದುರೆ ಮೇಲಿಂದ ತಲೆಕೆಳಗಾಗಿ ಬೀಳುತ್ತಿದ್ದಾನೆ. ಜಿಪುಣನ ಕುತ್ತಿಗೆಗೆ ಹಣದ ಚೀಲ ನೇತುಹಾಕಿ ನೇಣಿಗೆ ಹಾಕಿದ್ದಾರೆ. ಚಾಡಿಕೋರನ ನಾಲಿಗೆ ಕೀಳುತ್ತಿದ್ದಾರೆ. ಬೇಟೆಗಾರನನ್ನು ಕೋಲಿಗೆ ಕಟ್ಟಿ ಬೆಂಕಿಯ ಮೇಲೆ ಸುಡುತ್ತಿರುವುದು ಮೊಲದ ಮುಖದ ಒಂದು ಪಿಶಾಚಿ. ಒಬ್ಬ ರಾಜನ ತಲೆಯ ಕಿರೀಟವನ್ನು ಇನ್ನೊಂದು ಪಿಶಾಚಿ ಹಲ್ಲಿನಿಂದ ಕಚ್ಚಿ ಎಳೆಯುತ್ತಿದೆ. ಬಲೆಯಲ್ಲಿ ಸಿಕ್ಕಿಬಿದ್ದ ಸನ್ಯಾಸಿಗಳೂ ಇದ್ದಾರೆ. ಮಠದವರೇ ಕೆತ್ತಿಸಿದ ಕಲ್ಲಿನಲ್ಲಿ ಮಠದವರನ್ನೂ ನರಕಕ್ಕೆ ಹಾಕಿದ್ದಾರಲ್ಲ, ಆ ಧೈರ್ಯ ನನಗೆ ತುಂಬಾ ಹಿಡಿಸಿತು.

ನನ್ನ ಕಣ್ಣು ಜಾಸ್ತಿ ಹೊತ್ತು ನಿಂತಿದ್ದು ಎರಡು ಕಡೆ. ಒಂದು, ಕೆತ್ತನೆಯ ಸುತ್ತ ಇರುವ ಕಮಾನಿನ ಅಂಚು. ಅಲ್ಲಿ ಹದಿನಾಲ್ಕು ಪುಟ್ಟ ಮುಖಗಳಿವೆ. ಕಲ್ಲಿನ ಪಟ್ಟಿಯನ್ನೇ ಬಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು, ಅದರ ಹಿಂದಿನಿಂದ ಮೂಗಿನವರೆಗೆ ಮಾತ್ರ ಇಣುಕಿ ಒಳಗೇನು ನಡೀತಿದೆ ಅಂತ ನೋಡುತ್ತಿವೆ. ಬೆರಳುಗಳನ್ನು ಎಷ್ಟು ಚೆನ್ನಾಗಿ ಕೆತ್ತಿದ್ದಾರೆ ಅಂದರೆ ಬಿಗಿಯಾಗಿ ಹಿಡಿದುಕೊಂಡಿರುವುದು ಗೊತ್ತಾಗುತ್ತದೆ. ಇಲ್ಲಿನವರು ಇವರನ್ನು ಕುತೂಹಲಿಗಳು ಅಂತಲೇ ಕರೆಯುತ್ತಾರೆ.

ಇನ್ನೊಂದು, ಸ್ವರ್ಗದ ಕಡೆ ಕೆಳಗಿನ ಮೂಲೆ. ಅಲ್ಲಿ ಫ್ವಾ ಇದ್ದಾಳೆ. ಪುಟ್ಟ ಹುಡುಗಿ, ಬಗ್ಗಿ ನಮಸ್ಕಾರ ಮಾಡುತ್ತಿದ್ದಾಳೆ, ಮೋಡದೊಳಗಿಂದ ದೇವರ ಕೈ ಮಾತ್ರ ಹೊರಗೆ ಬಂದು ಅವಳ ತಲೆಯ ಕಡೆ ಚಾಚಿದೆ. ಅವಳ ಹಿಂದೆ ಕಮಾನುಗಳ ಕೆಳಗೆ ಏನೋ ನೇತಾಡುತ್ತಿದೆ. ಗಂಟೆಯಾ ಅಂತ ಕೇಳಿದೆ. "ಅಲ್ಲ ಕಣೇ, ಬೇಡಿ. ಕೈದಿಗಳ ಬೇಡಿ. ನಾಳೆ ಹೇಳ್ತೀನಿ" ಅಂದಳು ಅಕ್ಕ.

ಬಿಸಿಲು ಪೂರ್ತಿ ಇಳಿದು ಕಲ್ಲು ಬೂದಿ ಬಣ್ಣಕ್ಕೆ ತಿರುಗುವವರೆಗೆ ಅಲ್ಲೇ ಕೂತಿದ್ದೆವು. ನೀಲಿ, ಕೆಂಪು ಬಣ್ಣದ ಕುರುಹು ಇವತ್ತಿಗೂ ಕೆಲವು ಕಡೆ ಕಾಣುತ್ತದೆ. ಒಂದು ಕಾಲಕ್ಕೆ ಇದೆಲ್ಲಾ ಬಣ್ಣ ಬಳಿದ ಕೆತ್ತನೆ.

ಶನಿವಾರ

ಬೆಳಿಗ್ಗೆ ಎಂಟಕ್ಕೇ ಒಳಗೆ ಹೋದೆವು. ಹತ್ತು ಜನ ಯಾತ್ರಿಕರು ಇದ್ದಿರಬಹುದು, ಬೆನ್ನಿಗೆ ಚೀಲ, ಕೈಯಲ್ಲಿ ಕೋಲು. ಇವರು ಲ ಪ್ವೀ ಅನ್ನುವ ಊರಿನಿಂದ ಸುಮಾರು 200 ಕಿಲೋಮೀಟರ್ ನಡೆದು ಇಲ್ಲಿಗೆ ಬರುತ್ತಾರೆ.

ಒಳಗೆ ಕಾಲಿಟ್ಟ ತಕ್ಷಣ ತಲೆ ತಾನಾಗಿ ಮೇಲೆತ್ತಬೇಕಾಗುತ್ತದೆ. ಎತ್ತರ 22 ಮೀಟರ್, ಆದರೆ ನಡುವಿನ ಅಂಕಣ ತುಂಬಾ ಕಿರಿದು. ಉದ್ದವೂ ಅಷ್ಟೇನಿಲ್ಲ, 56 ಮೀಟರ್. ಗುಡ್ಡದ ಇಳಿಜಾರಿನಲ್ಲಿ ಉದ್ದಕ್ಕೆ ಬೆಳೆಸಲು ಜಾಗ ಎಲ್ಲಿದೆ? ಹಾಗಾಗಿ ಮೇಲಕ್ಕೆ ಬೆಳೆಸಿದ್ದಾರೆ. ಛಾವಣಿ ಪೀಪಾಯಿಯನ್ನು ಅರ್ಧಕ್ಕೆ ಸೀಳಿ ಮಗುಚಿದ ಹಾಗಿರುವ ಕಲ್ಲಿನ ಕಮಾನು. ಅಷ್ಟು ಭಾರದ ಕಲ್ಲು ಎರಡೂ ಗೋಡೆಗಳನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ತಡೆಯುವುದು ಹೇಗೆ? ಎರಡೂ ಪಕ್ಕದಲ್ಲಿ ಮೇಲೊಂದು ಅಂತಸ್ತು ಕಟ್ಟಿ, ಅದಕ್ಕೆ ಕಾಲುವೃತ್ತದ ಕಮಾನು ಹಾಕಿದ್ದಾರೆ. ಹೆಗಲು ಕೊಟ್ಟು ಗೋಡೆಯನ್ನು ಒಳಕ್ಕೆ ಒತ್ತಿ ಹಿಡಿದ ಹಾಗೆ. ಟುಲೂಸ್‌ನ ಸೇಂಟ್ ಸೆರ್ನಿನ್ ಚರ್ಚ್, ಸ್ಯಾಂಟಿಯಾಗೋದ ದೊಡ್ಡ ಚರ್ಚ್, ಇವೂ ಇದೇ ಮಾದರಿಯವು. ಮುಖ್ಯ ಬಲಿಪೀಠದ ಸುತ್ತ ಪ್ರದಕ್ಷಿಣೆಯ ದಾರಿ ಇದೆ. ಪ್ರಾರ್ಥನೆ ನಡೀತಿದ್ದರೂ ಅಡ್ಡಿಯಾಗದಂತೆ ಯಾತ್ರಿಕರು ಪಕ್ಕದಿಂದ ಬಂದು ಸುತ್ತು ಹಾಕಿ ಹೋಗಬಹುದು.

ಗೋಡೆಯಲ್ಲಿ ಮೂರು ಬಣ್ಣದ ಕಲ್ಲು. ಹಳದಿ ಸುಣ್ಣಕಲ್ಲು, ನಿನ್ನೆ ನೋಡಿದ ಕೆಂಪು ಮರಳುಗಲ್ಲು, ಈ ಗುಡ್ಡದ್ದೇ ಆದ ಬೂದು ಪದರಗಲ್ಲು. ಹಳದಿಯದನ್ನು ನುಣ್ಣಗೆ ಕೆತ್ತಬಹುದು, ಹಾಗಾಗಿ ಕಂಬಗಳ ತಲೆಯ ಮೇಲಿನ ಬೋದಿಗೆಗಳೆಲ್ಲಾ ಹೆಚ್ಚಾಗಿ ಅದರಲ್ಲೇ.

ಬೆಳಕಿನ ವಿಷಯಕ್ಕೆ ಬರ್ತೀನಿ. ಹಳೆಯ ಚರ್ಚ್ ಅಂದರೆ ಕೆಂಪು ನೀಲಿ ಗಾಜಿನ ಕಿಟಕಿ, ಅದರಲ್ಲಿ ಸಂತರ ಚಿತ್ರ ಅಂತಲೇ ನನ್ನ ಮನಸ್ಸಿನಲ್ಲಿತ್ತು. ಇಲ್ಲಿ ಬಣ್ಣವೂ ಇಲ್ಲ, ಚಿತ್ರವೂ ಇಲ್ಲ. ಹಾಲು ಬೆರೆಸಿದಂಥ ಬಿಳಿ ಗಾಜು, ಅದರ ಮೇಲೆ ಓರೆಯಾಗಿ ಬಾಗುತ್ತಾ ಹೋಗುವ ಸೀಸದ ಕಪ್ಪು ಗೆರೆಗಳು, ಅಷ್ಟೇ. ನಿಜ ಹೇಳಬೇಕೆಂದರೆ ಮೊದಲ ಹತ್ತು ನಿಮಿಷ ಬೇಜಾರಾಯಿತು.

ಇದನ್ನು ಮಾಡಿದವರು ಪಿಯೆರ್ ಸುಲಾಜ್, ಕಪ್ಪು ಬಣ್ಣದ ವರ್ಣಚಿತ್ರಗಳಿಗೆ ಹೆಸರಾದ ಕಲಾವಿದ. ಹುಟ್ಟಿದ್ದು ಇಲ್ಲೇ ಹತ್ತಿರದ ರೊಡೆಜ್‌ನಲ್ಲಿ, 1919ರಲ್ಲಿ. ಹುಡುಗನಾಗಿದ್ದಾಗ ಇದೇ ಚರ್ಚ್ ನೋಡಿ, ಬದುಕಿನಲ್ಲಿ ಕಲೆಯೊಂದೇ ಮುಖ್ಯ ಅಂತ ಇಲ್ಲೇ ತೀರ್ಮಾನ ಮಾಡಿದವರು. 1987ರಿಂದ 1994ರವರೆಗೆ ಟುಲೂಸ್‌ನ ಗಾಜಿನ ಕುಶಲಕರ್ಮಿ ಜಾನ್ ದೊಮಿನಿಕ್ ಫ್ಲರಿ ಜತೆ ಸೇರಿ ಇಲ್ಲಿನ 104 ಕಿಟಕಿಗಳಿಗೂ ಹೊಸ ಗಾಜು ಮಾಡಿದರು. ಅವರಿಗೆ ಬೇಕಾದ ಗಾಜು ಎಲ್ಲೂ ಸಿಗಲಿಲ್ಲ. ಹೊರಗಿನದು ಕಾಣಬಾರದು, ಬೆಳಕು ಮಾತ್ರ ಬರಬೇಕು, ಅದೂ ಒಂದೇ ಸಮನಾಗಿ ಬರಬಾರದು. ನೂರಾರು ಸಲ ಪ್ರಯೋಗ ಮಾಡಿ, ಗಾಜಿನ ಸಣ್ಣ ದೊಡ್ಡ ಚೂರುಗಳನ್ನು ಬೆರೆಸಿ ಕರಗಿಸಿ, ಒಂದೇ ತುಂಡಿನಲ್ಲಿ ಒಂದು ಕಡೆ ಬೆಳಕು ಜಾಸ್ತಿ, ಇನ್ನೊಂದು ಕಡೆ ಕಡಿಮೆ ಹಾಯುವಂತೆ ಮಾಡಿದರು. ಗಾಜಿಗೆ ಬಣ್ಣವನ್ನೇ ಹಾಕಿಲ್ಲ.

ನಾವು ಉತ್ತರದ ಪಕ್ಕದಲ್ಲಿ, ಒಂದು ಕಿಟಕಿಯ ಕೆಳಗೆ ಕೂತೆವು. ಗೆರೆಗಳು ಎಡಗಡೆ ಕೆಳಗಿನಿಂದ ಶುರುವಾಗಿ ಬಲಕ್ಕೆ ಏರುತ್ತಾ, ನಡುವೆ ಒಂದು ಕಡೆ ಮಾತ್ರ ಹತ್ತಿರ ಬಂದು ಮತ್ತೆ ಬಿಡಿಸಿಕೊಳ್ಳುತ್ತಿದ್ದವು. ಒಂಬತ್ತು ಗಂಟೆಗೆ ಗಾಜು ತಣ್ಣನೆಯ ನೀಲಿ. ಹತ್ತೂವರೆಗೆ ಅದರ ಮೇಲಂಚು ಬೆಳ್ಳಗಾಯಿತು, ಎದುರುಗಡೆ ದಕ್ಷಿಣದ ಕಿಟಕಿಗಳು ಆಗಲೇ ತಿಳಿ ಹಳದಿಗೆ ತಿರುಗಿದ್ದವು. ಅದೇ ಗಾಜು! ಹಳದಿ ಕಲ್ಲಿನ ಕಂಬ ಬೆಚ್ಚಗೆ ಕಾಣುತ್ತಿತ್ತು, ಅದರ ಪಕ್ಕದ ಕೆಂಪು ಕಲ್ಲು ಇನ್ನೂ ಕೆಂಪಾಗಿತ್ತು. ಬಣ್ಣದ ಗಾಜಿದ್ದಿದ್ದರೆ ಕಲ್ಲಿನ ಮೇಲೆಲ್ಲಾ ಆ ಗಾಜಿನ ಬಣ್ಣವೇ ಚೆಲ್ಲುತ್ತಿತ್ತು, ಕಲ್ಲಿನ ಸ್ವಂತ ಬಣ್ಣ ಕಾಣುತ್ತಲೇ ಇರಲಿಲ್ಲ. ಬೇಜಾರು ಹೋಗಿ, ಎದ್ದು ಹೋಗಲೇ ಮನಸ್ಸಾಗಲಿಲ್ಲ. ಇದು ಹಳೆಯ ಕಟ್ಟಡಕ್ಕೆ ಹೊಂದುವುದಿಲ್ಲ ಅಂತ ವಾದ ಮಾಡುವವರು ಈಗಲೂ ಇದ್ದಾರೆ. ನನಗಂತೂ ಈ ಚರ್ಚ್‌ಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾರೂ ಕೊಡಲಾರರು ಅನಿಸಿತು.

ಬಲಿಪೀಠದ ಸುತ್ತ ಕಬ್ಬಿಣದ ಜಾಲರಿ ಇದೆ. ಅಕ್ಕ ಬೇಡಿಯ ಕಥೆ ಹೇಳಿದ್ದು ಅದರ ಮುಂದೆ ನಿಂತು. ಜೈಲಿನಲ್ಲಿ, ಕೋಟೆಗಳ ನೆಲಮಾಳಿಗೆಯಲ್ಲಿ ಸಿಕ್ಕಿಬಿದ್ದವರು ಫ್ವಾಳನ್ನು ನೆನೆದು ಹರಕೆ ಹೊರುತ್ತಿದ್ದರು. ಬಿಡುಗಡೆಯಾದರೆ ತಮ್ಮ ಬೇಡಿಯನ್ನು ಇಲ್ಲಿಗೆ ಹೊತ್ತು ತಂದು ಒಪ್ಪಿಸುತ್ತಿದ್ದರು. ಎಷ್ಟು ಬೇಡಿ ಸೇರಿತು ಅಂದರೆ ಮಠದವರು ಕಮ್ಮಾರರಿಂದ ಅವನ್ನು ಕರಗಿಸಿ ಚರ್ಚ್‌ಗೆ ಕಬ್ಬಿಣದ ಬಾಗಿಲುಗಳನ್ನು ಮಾಡಿಸಿದರು. ಇದನ್ನು ಬರೆದಿಟ್ಟವನು ಬರ್ನಾರ್ಡ್ ಅನ್ನುವ ಒಬ್ಬ ಪಂಡಿತ, ಆಂಜೇ ಊರಿನವನು. ಈಗಿರುವ ಜಾಲರಿ 12ನೇ ಶತಮಾನದ್ದು, ಇದೂ ಬೇಡಿಗಳದ್ದೇ ಕಬ್ಬಿಣ ಅಂತ ಜನ ನಂಬುತ್ತಾರೆ. ಹತ್ತಿರದಿಂದ ನೋಡಿ. ಪ್ರತಿ ಸರಳಿನಿಂದಲೂ ಎರಡು ಕಡೆಗೆ ಸುರುಳಿ ಬಿಟ್ಟುಕೊಂಡಿದೆ, ಬಳ್ಳಿಯ ಕುಡಿಯ ಹಾಗೆ. ಸುತ್ತಿಗೆ ಏಟಿನ ಗುರುತು ಕೈಗೆ ಸಿಗುತ್ತದೆ. ಮೇಲ್ತುದಿಗಳು ಮಾತ್ರ ಚೂಪು. ಒಂದು ಸುರುಳಿಯನ್ನು ಮುಟ್ಟಿಕೊಂಡು ಸ್ವಲ್ಪ ಹೊತ್ತು ನಿಂತೆ. ಇದು ಯಾರ ಕಾಲಿನಲ್ಲಿತ್ತೋ.

ಮಧ್ಯಾಹ್ನ ಆಲಿಗೋ ತಿಂದೆವು. ಬೇಯಿಸಿ ನುಣ್ಣಗೆ ಮಾಡಿದ ಆಲೂಗಡ್ಡೆಗೆ ಎಳೆ ಚೀಸ್ ಹಾಕಿ ತಿರುವಿ ತಿರುವಿ ಮಾಡುತ್ತಾರೆ, ಸೌಟು ಎತ್ತಿದರೆ ಎಳೆ ಎಳೆಯಾಗಿ ಬರುತ್ತದೆ. ಮಾಂಸ ತಿನ್ನದವರಿಗೆ ಈ ಕಡೆ ಇದೇ ದೊಡ್ಡ ಆಸರೆ.

ಊಟವಾದ ಮೇಲೆ ಮಠದ ನಿಧಿ ಇಟ್ಟಿರುವ ಮನೆಗೆ ಹೋದೆವು. ಅಲ್ಲಿ ಫ್ವಾ ಕೂತಿದ್ದಾಳೆ. ಎತ್ತರ 85 ಸೆಂಟಿಮೀಟರ್. ಒಳಗೆ ಮರ, ಮೇಲೆ ಬಂಗಾರದ ತಗಡು, ಅದರ ಮೇಲೆ ಜಾಗವೇ ಉಳಿಯದ ಹಾಗೆ ಹರಳು, ಮುತ್ತು, ಹಳೆಯ ಕೆತ್ತನೆಯ ಕಲ್ಲುಗಳು. ಶತಮಾನಗಳ ಕಾಲ ಭಕ್ತರು ಕೊಟ್ಟ ಒಡವೆಗಳನ್ನು ಒಂದೊಂದಾಗಿ ಸೇರಿಸುತ್ತಾ ಬಂದಿದ್ದಾರೆ. ತಲೆ ಮೈಯ ಅಳತೆಗೆ ಹೋಲಿಸಿದರೆ ದೊಡ್ಡದು, ಯಾಕಂದರೆ ಅದು ರೋಮನ್ ಕಾಲದ ಕೊನೆಯ ಭಾಗದ ಬೇರೆ ಯಾವುದೋ ಬಂಗಾರದ ಮುಖ. ಕಣ್ಣು ಅಗಲ, ನೀಲಿ ಛಾಯೆ. ಎಲ್ಲಿ ನಿಂತರೂ ಅವಳು ನಮ್ಮ ತಲೆಯ ಮೇಲಿಂದ ದೂರ ಎಲ್ಲೋ ನೋಡುತ್ತಿರುತ್ತಾಳೆ.

ಬರ್ನಾರ್ಡ್ 1013ರಲ್ಲಿ ಮೊದಲ ಸಲ ಇಲ್ಲಿಗೆ ಬಂದಾಗ ಇದನ್ನು ನೋಡಿ ಪಕ್ಕದವನ ಕಡೆ ತಿರುಗಿ ನಕ್ಕನಂತೆ. ಬುದ್ಧಿ ಇರುವ ಮನುಷ್ಯರು ಮಾತಾಡದ ವಿಗ್ರಹದ ಮುಂದೆ ಕೈಮುಗಿಯುತ್ತಾರಲ್ಲ ಅಂತ. ರೋಮನ್ನರ ಜೂಪಿಟರ್, ಮಾರ್ಸ್ ವಿಗ್ರಹಗಳಿಗೂ ಇದಕ್ಕೂ ಏನು ವ್ಯತ್ಯಾಸ ಅಂದುಕೊಂಡ. ಆಮೇಲೆ ಜನರ ಕಥೆ ಕೇಳುತ್ತಾ ಕೇಳುತ್ತಾ ಮನಸ್ಸು ಬದಲಾಯಿತು. ಕಣ್ಣು ಕಿತ್ತುಹಾಕಿಸಿಕೊಂಡಿದ್ದ ಗಿಬೆರ್ ಅನ್ನುವವನಿಗೆ ಮತ್ತೆ ದೃಷ್ಟಿ ಬಂದ ಕಥೆಯನ್ನು ಅವನ ಬಾಯಿಂದಲೇ ಕೇಳಿ ಬರೆದುಕೊಂಡ. ತಾನು ನಕ್ಕಿದ್ದು ತಪ್ಪು ಅಂತಲೂ ಬರೆದ. ಫ್ವಾ ಕನಸಿನಲ್ಲಿ ಬಂದು ಹೆಂಗಸರ ಹತ್ತಿರ ಬಳೆ, ಉಂಗುರ ಕೇಳುತ್ತಿದ್ದಳಂತೆ, ಕೊಡದಿದ್ದರೆ ಹಟ ಹಿಡಿಯುತ್ತಿದ್ದಳಂತೆ. ಹನ್ನೆರಡು ವರ್ಷದ ಹುಡುಗಿ ಅಲ್ವಾ. ಆಗಿನ ಜನ ಅವಳನ್ನು ಮಗುವಾಗಿಯೇ ಉಳಿಸಿಕೊಂಡಿದ್ದರು.

ಫ್ರೆಂಚ್ ಕ್ರಾಂತಿಯಲ್ಲಿ ಚರ್ಚ್‌ಗಳ ಬೆಳ್ಳಿ ಬಂಗಾರವನ್ನು ಸರ್ಕಾರ ಕಿತ್ತುಕೊಂಡು ಕರಗಿಸುತ್ತಿತ್ತು. ಕೋಂಕ್‌ನ ಜನ ಈ ನಿಧಿಯನ್ನು ತಮ್ಮ ಮನೆಗಳಲ್ಲಿ, ತೋಟಗಳಲ್ಲಿ ಬಚ್ಚಿಟ್ಟರು. ಗಲಾಟೆ ಮುಗಿದ ಮೇಲೆ ತಂದು ಕೊಟ್ಟರು. ಬಡ ಊರು, ಗುಡ್ಡಗಾಡು. ಒಂದು ಹರಳು ಕಿತ್ತಿಟ್ಟುಕೊಂಡಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಇವತ್ತು ಗಾಜಿನ ಪೆಟ್ಟಿಗೆ, ದೀಪ, ಕಾವಲು ಎಲ್ಲಾ ಇದೆ. ಆಗ ಇದ್ದದ್ದು ಆ ಜನ ಮಾತ್ರ.

ಕಟ್ಟಡದ ಕಥೆ ಅಷ್ಟು ಸುಲಭವಾಗಿರಲಿಲ್ಲ. 1568ರಲ್ಲಿ ಕ್ಯಾಥಲಿಕ್, ಪ್ರಾಟೆಸ್ಟೆಂಟರ ನಡುವಿನ ಧರ್ಮಯುದ್ಧದ ಸಮಯ ಬೆಂಕಿ ಬಿತ್ತು. ಕ್ರಾಂತಿಯ ನಂತರ ಮಠ ಖಾಲಿ. ಒಳಗಿನ ಅಂಗಳದ ಕಂಬಸಾಲನ್ನು 19ನೇ ಶತಮಾನದಲ್ಲಿ ಕೆಡವಿದರು, ಈಗ ಒಂದೆರಡು ಕಮಾನು ಮತ್ತು ಹಸಿರು ಕಲ್ಲಿನ ಒಂದು ನೀರಿನ ತೊಟ್ಟಿ ಉಳಿದಿದೆ. 1837ರಲ್ಲಿ ಸರ್ಕಾರದ ಪರವಾಗಿ ಹಳೆಯ ಕಟ್ಟಡ ನೋಡುತ್ತಾ ಬಂದ ಪ್ರೊಸ್ಪೆರ್ ಮೆರಿಮೆ, ಇಂಥ ಕಾಡಿನ ಮೂಲೆಯಲ್ಲಿ ಇಷ್ಟೊಂದು ಸಂಪತ್ತು ಸಿಗುತ್ತದೆ ಅಂತ ಎಣಿಸಿರಲಿಲ್ಲ ಎಂದು ವರದಿ ಬರೆದ. 1840ರ ಮೊದಲ ರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ಈ ಚರ್ಚ್ ಸೇರಿತು. ಬೀಳುವ ಹಂತದಲ್ಲಿದ್ದದ್ದು ಹಾಗೆ ಉಳಿಯಿತು. ಮುಂದಿನ ಎರಡು ಗೋಪುರಗಳ ಮೇಲ್ಭಾಗ ಅದೇ ಶತಮಾನದ ಕೊನೆಯ ಕೆಲಸ. 1998ರಿಂದ ಯಾತ್ರೆಯ ದಾರಿಗಳ ಜತೆ ವಿಶ್ವ ಪರಂಪರೆಯ ಪಟ್ಟಿಯಲ್ಲೂ ಇದೆ.

ರಾತ್ರಿ ಪ್ರಾರ್ಥನೆ ಆದ ಮೇಲೆ ಇಲ್ಲಿನ ಸನ್ಯಾಸಿಯೊಬ್ಬರು ಮರುದಿನ ಹೊರಡುವ ಯಾತ್ರಿಕರನ್ನು ಆಶೀರ್ವದಿಸಿದರು. ಆಮೇಲೆ ಆರ್ಗನ್ ಶುರುವಾಯಿತು. ಆಗ ಮೇಲಿನ ಅಂತಸ್ತಿಗೆ ಹತ್ತಲು ಬಿಡುತ್ತಾರೆ. ಕೆಳಗಿನಿಂದ ಮಸುಕಾಗಿ ಕಾಣುವ ಬೋದಿಗೆಗಳು ಅಲ್ಲಿ ಕಣ್ಣಿನ ಮಟ್ಟಕ್ಕೆ ಬರುತ್ತವೆ: ಎಲೆ, ಹೆಣೆದ ಹಗ್ಗ, ಹಕ್ಕಿ, ಹೋರಾಡುವ ಸೈನಿಕರು. ಚರ್ಚಿನಲ್ಲಿ ಇಂಥವು ಇನ್ನೂರಕ್ಕೂ ಹೆಚ್ಚು. ಅಕ್ಕ ಕಟಕಟೆಯ ಮೇಲೆ ಕೈ ಇಟ್ಟು, "ಸಂಗೀತ ಕಲ್ಲಿನಲ್ಲಿ ಗೊತ್ತಾಗುತ್ತೆ, ಇಟ್ಟು ನೋಡು" ಅಂದಳು. ಇಟ್ಟೆ. ದಪ್ಪ ಸ್ವರ ಬಂದಾಗ ಅಂಗೈಯಲ್ಲಿ ಸಣ್ಣಗೆ ನಡುಗುತ್ತಿತ್ತು.

ಭಾನುವಾರ

ಬೆಳಿಗ್ಗೆ ಕಣಿವೆ ತುಂಬಾ ಮಂಜು. ಯಾತ್ರಿಕರು ಹೋಗುವ ದಾರಿಯಲ್ಲೇ ನಾವೂ ಇಳಿದೆವು. ಶಾರ್ಲ್‌ಮಾನ್ ಬೀದಿ, ಅದರ ಕೊನೆಗೆ ಊರ ಹಳೆಯ ಹೆಬ್ಬಾಗಿಲು, ಅದರ ಕೆಳಗೆ ಕಡಿದಾದ ಕಲ್ಲುದಾರಿ, ಕೊನೆಗೆ ದೂರ್ದೂ ಮೇಲಿನ ಸೇತುವೆ. ಇದನ್ನು ರೋಮನ್ ಸೇತುವೆ ಅಂತ ಕರೆಯುತ್ತಾರೆ, ಆದರೆ ರೋಮನ್ನರು ಕಟ್ಟಿದ್ದಲ್ಲ. ಇಲ್ಲಿನ ಹಳೆಯ ಆಕ್ಸಿತಾನ್ ಭಾಷೆಯಲ್ಲಿ ಯಾತ್ರಿಕರಿಗೆ ರೂಮ್ಯೂ ಅನ್ನುತ್ತಾರೆ, ಆ ಪದವೇ ಜನರ ಬಾಯಲ್ಲಿ ಹೀಗಾಗಿದೆ. ನಡುವೆ ಉಬ್ಬಿದ, ಕಿರಿದಾದ ಕಲ್ಲಿನ ಸೇತುವೆ.

ಸೇತುವೆ ದಾಟಿದರೆ ಎದುರು ಗುಡ್ಡ ಏರಬೇಕು. ದಾರಿಯುದ್ದಕ್ಕೂ ಚೆಸ್ಟ್‌ನಟ್ ಮರಗಳು, ಮುಳ್ಳಿನ ಹಸಿರು ಕಾಯಿ ಇನ್ನೂ ಬಲಿತಿರಲಿಲ್ಲ. ಅರ್ಧ ದಾರಿಯಲ್ಲಿ ಒಂದು ಪುಟ್ಟ ಗುಡಿಯಂಥ ಚರ್ಚ್ ಇದೆ, ಅದೂ ಫ್ವಾಳದ್ದೇ. ಅಲ್ಲೊಂದು ಗಂಟೆ, ಹಗ್ಗ ಕೆಳಗೆ ಇಳಿಬಿಟ್ಟಿದ್ದಾರೆ. ಕೋಂಕ್ ಬಿಟ್ಟು ಮುಂದೆ ಹೋಗುವ ಯಾತ್ರಿಕರು ಇದನ್ನು ಬಾರಿಸಿ ಹೋಗುತ್ತಾರೆ. ನಮ್ಮ ಮುಂದೆ ಒಬ್ಬ ವಯಸ್ಸಾದ ಹೆಂಗಸು ಇದ್ದರು. ಚೀಲ ಇಳಿಸದೆ ಒಂದೇ ಸಲ ಹಗ್ಗ ಎಳೆದು, ಕಣಿವೆಯಾಚೆ ತಿರುಗಿ ನೋಡಿ, ಕಣ್ಣೊರೆಸಿಕೊಂಡು ಹೊರಟರು. ಅಕ್ಕ ಹೋಗಿ ಬಾರಿಸಿದಳು. ಇನ್ನೊಂದು ಸಲ ಬಾರಿಸಿ, "ಇದು ಅಮ್ಮನ ಹೆಸರಲ್ಲಿ" ಅಂದಳು. ಆಮೇಲೆ ನಾನು. ಮಂಜು ಸ್ವಲ್ಪ ಸರಿದಿತ್ತು, ಎದುರು ಗುಡ್ಡದಲ್ಲಿ ಮೂರು ಗೋಪುರಗಳ ತುದಿ ಮಾತ್ರ ಕಾಣುತ್ತಿತ್ತು.

ವಾಪಸ್ ಬಂದು ಚರ್ಚ್ ಒಳಗೆ ಇನ್ನೊಂದು ಸಲ ಹೋಗಿ, ಅದೇ ಉತ್ತರದ ಕಿಟಕಿ ಕೆಳಗೆ ಕೂತೆವು. ಮೋಡದ ದಿನ, ಗಾಜು ಬರೀ ಬೂದು. ನಿನ್ನೆ ಇಲ್ಲದ ಒಂದು ಮೆತ್ತನೆ ಬೆಳಕು ಎಲ್ಲಾ ಕಡೆ ಸಮನಾಗಿ ಹರಡಿತ್ತು, ಕಂಬಗಳಿಗೆ ನೆರಳೇ ಇರಲಿಲ್ಲ.

ಮಧ್ಯಾಹ್ನ ಹೊರಟು ರೊಡೆಜ್‌ನಲ್ಲಿ ಇಳಿದೆವು. ಅಲ್ಲಿ ಸುಲಾಜ್ ಮ್ಯೂಸಿಯಂ ಇದೆ, 2014ರಲ್ಲಿ ತೆರೆದದ್ದು. ಅವರು 2022ರಲ್ಲಿ ತೀರಿಕೊಂಡರು, ಆಗ 102 ವರ್ಷ. ಕೋಂಕ್ ಕಿಟಕಿಗಳಿಗಾಗಿ ಮಾಡಿದ ಮಾದರಿಗಳನ್ನು ಇಲ್ಲಿ ಇಟ್ಟಿದ್ದಾರೆ. ಕಿಟಕಿಯಷ್ಟೇ ಅಳತೆಯ ಬಿಳಿ ಹಲಗೆಗಳು, ಅದರ ಮೇಲೆ ಕಪ್ಪು ಟೇಪಿನಿಂದ ಎಳೆದ ಗೆರೆಗಳು. ಟೇಪ್ ಅಂಟಿಸಿ, ಸರಿ ಕಾಣದಿದ್ದರೆ ಕಿತ್ತು, ಮತ್ತೆ ಬೇರೆ ಕಡೆ ಅಂಟಿಸುವುದು. ಹತ್ತಿರ ಹೋಗಿ ನೋಡಿದರೆ ಟೇಪಿನ ತುದಿ ಕತ್ತರಿಸಿದ ಜಾಗವೂ ಕಾಣುತ್ತದೆ.

ನಾವು ಒಂದೊಂದೇ ಹಲಗೆ ನೋಡುತ್ತಾ ಹೋದೆವು. "ಇಲ್ಲಿ ಬಾರೇ" ಅಂತ ಅಕ್ಕ ದೂರದಿಂದ ಕರೆದಳು. ಅವಳ ಎದುರಿನ ಹಲಗೆಯಲ್ಲಿ ಗೆರೆಗಳು ಎಡಗಡೆ ಕೆಳಗಿನಿಂದ ಶುರುವಾಗಿ ಬಲಕ್ಕೆ ಏರುತ್ತಿದ್ದವು. ನಡುವೆ ಒಂದು ಕಡೆ ಹತ್ತಿರ ಬಂದು, ಮತ್ತೆ ಬಿಡಿಸಿಕೊಂಡಿದ್ದವು.